ಒಂದೇ ಪಕ್ಕ ಹಾಡಿರುವ ಕರೂಸೊ ಪ್ಲೇಟುಗಳು: ಬೆಲೆ ಎಷ್ಟು, ಆ ದನಿ ಯಾಕೆ ಹಾಗಿದೆ?

ಓದುಗರ ಪ್ರಶ್ನೆ:

"ನಮ್ಮ ತಾಯಿಯ ತಂದೆ ಕೆಜಿಎಫ್ ಗಣಿ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಊರಿಗೆ ವಾಪಸ್ ಹೊರಟ ಇಂಗ್ಲಿಷ್ ಅಧಿಕಾರಿಯೊಬ್ಬರ ಮನೆ ಸಾಮಾನು ಹರಾಜಾದಾಗ ಕೀಲಿ ಕೊಡುವ ಗ್ರಾಮೊಫೋನು, ಜೊತೆಗೆ ಒಂದು ಪೆಟ್ಟಿಗೆ ಪ್ಲೇಟು ತಂದಿದ್ದರಂತೆ. ಈಚೆಗೆ ಹಳೆ ಮನೆ ಖಾಲಿ ಮಾಡುವಾಗ ಅವು ಸಿಕ್ಕಿದವು. ನಾಲ್ಕು ಪ್ಲೇಟಿನ ಮೇಲೆ ಕರೂಸೊ ಎಂಬ ಹೆಸರಿದೆ. ಕೆಂಪು ಲೇಬಲ್, ನಾಯಿ ಚಿತ್ರ. ಮೂರರಲ್ಲಿ ಒಂದೇ ಪಕ್ಕ ಹಾಡು, ಹಿಂಭಾಗ ಖಾಲಿ. ನಾಲ್ಕನೆಯದರಲ್ಲಿ ಎರಡೂ ಪಕ್ಕ ಹಾಡಿದೆ, ನಂಬರಿನ ಮುಂದೆ ಡಿಬಿ ಎಂದಿದೆ. ಒಂದರ ಅಂಚಿನಲ್ಲಿ ಕೂದಲೆಳೆಯಂಥ ಬಿರುಕಿದೆ. ಪರಿಚಯದವರೊಬ್ಬರು 'ಒಂದೇ ಪಕ್ಕದ ಪ್ಲೇಟು ಅಂದ್ರೆ ಲಕ್ಷಗಟ್ಟಲೆ ಬೆಲೆ, ಬೇಗ ಮಾರಿ' ಅಂದರು. ಇನ್ನೊಬ್ಬರು 'ಅದು ಅಚ್ಚಿನಲ್ಲಿ ಕೆಟ್ಟ ಮಾಲು' ಅಂದರು. ಗ್ರಾಮೊಫೋನಿಗೆ ಕೀಲಿ ಕೊಟ್ಟು ಹಾಕಿದೆವು. ದನಿ ತೆಳ್ಳಗೆ, ಮೂಗಿನಲ್ಲಿ ಹಾಡಿದ ಹಾಗಿದೆ. ವಾದ್ಯಗಳೋ ಡಬ್ಬದೊಳಗೆ ಕೂತು ನುಡಿಸಿದಂತಿವೆ. ಲೋಟ ಒಡೆಯುವಂಥ ದನಿ, ಲಕ್ಷಾಂತರ ಪ್ಲೇಟು ಮಾರಿದವನು ಅಂತೆಲ್ಲ ಹೇಳುತ್ತಾರಲ್ಲ, ಇದೇನಾ ಅದು? ಮಗ 'ಎಐ ಹಾಕಿ ಕ್ಲೀನ್ ಮಾಡೋಣ' ಅನ್ನುತ್ತಿದ್ದಾನೆ. ನಾವು ಏನು ಮಾಡಬೇಕು?"

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಆತಂಕ ಒಟ್ಟಿಗೆ ಸೇರಿಕೊಂಡಿವೆ. ಒಂದು, ಬೆಲೆಬಾಳುವ ಏನನ್ನೋ ತಿಳಿಯದೆ ಕೈಬಿಡುತ್ತಿದ್ದೀವೇನೋ ಎಂಬುದು. ಎರಡು, ಇಟಲಿಯ ಆಪೆರಾದ (ಹಾಡಿನಲ್ಲೇ ನಡೆಯುವ ನಾಟಕದ) ಇಷ್ಟು ದೊಡ್ಡ ಹೆಸರಿನ ಗಾಯಕ ನಮ್ಮ ಕಿವಿಗೆ ಯಾಕೆ ಹಿಡಿಸಲಿಲ್ಲ ಎಂಬುದು. ಹಳೆ ಪ್ಲೇಟುಗಳನ್ನು ದುರಸ್ತಿ ಮಾಡಿ ಡಿಜಿಟಲ್‌ಗೆ ಇಳಿಸುವುದೇ ನನ್ನ ಕೆಲಸ. ನನ್ನ ಬಳಿ ಬರುವವರು ಮೊದಲನೆಯದನ್ನೇ ಕೇಳುತ್ತಾರೆ. ಎರಡನೆಯದನ್ನೂ ಕೇಳಿದ್ದೀರಿ, ಅದು ನನಗೆ ತುಂಬ ಸಂತೋಷ ಕೊಟ್ಟಿತು. ಯಾಕೆಂದರೆ ಆ ಪ್ರಶ್ನೆಗೆ ಒಳ್ಳೆಯ ಉತ್ತರವಿದೆ. ನೀವು ಕೇಳಿದ್ದು ಕರೂಸೊ ದನಿಯ ಒಂದು ಭಾಗ ಮಾತ್ರ, ಅದೂ ಬಹುಶಃ ತಪ್ಪು ವೇಗದಲ್ಲಿ.

ಮೊದಲು ಬೆಲೆಯ ವಿಷಯ ಮುಗಿಸೋಣ. ಒಂದೇ ಪಕ್ಕದ ಪ್ಲೇಟು ಕೆಟ್ಟ ಮಾಲಲ್ಲ. ಆ ಕಾಲದಲ್ಲಿ ದೊಡ್ಡ ಗಾಯಕರ ಕೆಂಪು ಲೇಬಲ್ ಪ್ಲೇಟುಗಳು ಬರುತ್ತಿದ್ದುದೇ ಹಾಗೆ. ಅಮೆರಿಕದ ವಿಕ್ಟರ್ ಕಂಪನಿ ತನ್ನ ಕೆಂಪು ಲೇಬಲ್ಲಿಗೆ ಎರಡೂ ಪಕ್ಕ ಹಾಡು ಹಾಕಿದ್ದು 1923ರಲ್ಲಿ. ಅಲ್ಲಿಯವರೆಗೆ ಹಿಂಭಾಗ ಖಾಲಿಯೇ. 1908ರಲ್ಲಿ ಕರೂಸೊ ಮತ್ತು ಇನ್ನೂ ಐವರು ಸೇರಿ ಹಾಡಿದ 'ಲೂಚಿಯಾ' ಆಪೆರಾದ ಆರು ದನಿಗಳ ಹಾಡು 7 ಡಾಲರಿಗೆ ಮಾರಾಟವಾಯಿತು, ಅದೂ ಒಂದೇ ಪಕ್ಕ. ಆಗಿನ ಕೂಲಿಯವನಿಗೆ ಅದು ಹಲವು ದಿನದ ದುಡಿಮೆ. ಹಾಗಾಗಿ ನಿಮ್ಮ ಮೂರು ಪ್ಲೇಟುಗಳು 1920ರ ದಶಕದ ಆರಂಭ ಅಥವಾ ಅದಕ್ಕೂ ಹಿಂದಿನ ಅಚ್ಚು. ಡಿಬಿ ಎಂದಿರುವುದು ನಂತರದ್ದು. ನಾಯಿ ಚಿತ್ರದ ಎಚ್‌ಎಂವಿ ಕಂಪನಿಯ 12 ಇಂಚಿನ, ಎರಡು ಪಕ್ಕದ ಕೆಂಪು ಲೇಬಲ್ ಸಾಲು ಅದು.

ಆದರೆ ಹಳೆಯದೆಲ್ಲ ಅಪರೂಪವಲ್ಲ. ಕರೂಸೊ ಪ್ಲೇಟುಗಳು ಜಗತ್ತಿನಾದ್ಯಂತ ಎಷ್ಟು ಮಾರಾಟವಾದವೆಂದರೆ, ಇವತ್ತಿಗೂ ಅವು ಹಳೆ ಸಾಮಾನಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತವೆ. ನಾಯಿ ಚಿತ್ರದ ಕೆಂಪು ಲೇಬಲ್ಲಿನ ಪ್ಲೇಟಿಗೆ ಸಾಮಾನ್ಯವಾಗಿ ಹಳೆ ಪುಸ್ತಕಕ್ಕೆ ಸಿಗುವಷ್ಟು ಬೆಲೆ ಸಿಕ್ಕೀತು. ಸಂಗ್ರಾಹಕರು ನಿಜಕ್ಕೂ ಹುಡುಕುವುದು 1902-03ರ ಸುಮಾರಿಗೆ ಇಟಲಿಯ ಮಿಲಾನ್‌ನಲ್ಲಿ ಮಾಡಿದ ರೆಕಾರ್ಡಿಂಗ್‌ಗಳ ಮೊದಲ ಅಚ್ಚುಗಳನ್ನು. ಅವುಗಳ ಲೇಬಲ್ಲಿನಲ್ಲಿ ನಾಯಿ ಇರುವುದಿಲ್ಲ, ಗರಿ ಹಿಡಿದು ಬರೆಯುವ ಪುಟ್ಟ ದೇವತೆಯ ಚಿತ್ರ ಇರುತ್ತದೆ. ಅದೇ ಹೊತ್ತಿನಲ್ಲಿ ಜೋನೋಫೋನ್ ಕಂಪನಿಗೆ ಹಾಡಿದ ಕೆಲವು ಪ್ಲೇಟುಗಳಿಗೂ ಬೇಡಿಕೆ ಇದೆ. ನಿಮ್ಮವು ಅವಲ್ಲ. ಲಕ್ಷದ ಮಾತು ಬಿಟ್ಟುಬಿಡಿ, ಬೇಗ ಮಾರಬೇಕೆಂಬ ಅವಸರವೂ ಬೇಡ.

ಈಗ ಮನುಷ್ಯನ ವಿಷಯಕ್ಕೆ ಬರೋಣ. ಎನ್ರಿಕೊ ಕರೂಸೊ ಹುಟ್ಟಿದ್ದು 1873ರ ಫೆಬ್ರವರಿ 25ರಂದು, ನೇಪಲ್ಸ್‌ನ ಬಡ ಕುಟುಂಬದಲ್ಲಿ. ಹದಿನೆಂಟನೆಯ ಮಗು, ಬದುಕುಳಿದ ಮೊದಲನೆಯವನು ಎಂದು ಬಹಳ ಕಡೆ ಓದುತ್ತೀರಿ. ಅದು ನಿಜವಲ್ಲ. ಏಳು ಮಕ್ಕಳಲ್ಲಿ ಮೂರನೆಯವನು. ಲೋಟ ಒಡೆದ ಕಥೆಯೂ ಕಥೆಯೇ. ಹಾಗೆ ನಡೆದೇ ಇಲ್ಲ ಎಂದು ಅವನ ಹೆಂಡತಿ ಡೊರೊಥಿಯೇ ಹೇಳಿದ್ದಳು. ಸ್ವಂತ ಊರಿನವರು ಕೂಗಿ ಓಡಿಸಿದರು ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. 1901ರ ಡಿಸೆಂಬರ್ ಕೊನೆಯಲ್ಲಿ ಅಲ್ಲಿನ ಸಾನ್ ಕಾರ್ಲೊ ಥಿಯೇಟರಿನಲ್ಲಿ ಹಾಡಿದಾಗ ಸ್ವಾಗತ ತಣ್ಣಗಿತ್ತು, ಪತ್ರಿಕೆಯವರು ತಪ್ಪು ಹುಡುಕಿದರು. ಆದರೆ ಅವನು ಆ ಸೀಸನ್ ಪೂರ್ತಿ ಹಾಡಿ ಮುಗಿಸಿದ. ನೋವು ಮಾತ್ರ ಆಳವಾಗಿ ಉಳಿಯಿತು. ಮುಂದೆ ನೇಪಲ್ಸ್‌ನ ರಂಗದ ಮೇಲೆ ಅವನು ಮತ್ತೆ ಹಾಡಲಿಲ್ಲ.

'ಪಾಲ್ಯಾಚಿ' ಆಪೆರಾದ 'ವೆಸ್ತಿ ಲಾ ಜೂಬ್ಬಾ' ಹಾಡು ಹತ್ತು ಲಕ್ಷ ಮಾರಿದ ಮೊದಲ ಪ್ಲೇಟು ಎಂಬ ಮಾತನ್ನು ಸ್ವಲ್ಪ ಎಚ್ಚರದಿಂದ ತೆಗೆದುಕೊಳ್ಳಿ. ಅದೇ ಹಾಡನ್ನು ಅವನು ಮೂರು ಸಲ ರೆಕಾರ್ಡ್ ಮಾಡಿದ್ದಾನೆ: 1902, 1904ರಲ್ಲಿ ಪಿಯಾನೊ ಜೊತೆ, 1907ರಲ್ಲಿ ವಾದ್ಯವೃಂದದ ಜೊತೆ. ಹತ್ತು ಲಕ್ಷದ ಲೆಕ್ಕ ಒಂದೇ ಪ್ಲೇಟಿನದಲ್ಲ, ಹಲವು ವರ್ಷ ಹಲವು ಅಚ್ಚಿನಲ್ಲಿ ಮಾರಾಟವಾದದ್ದನ್ನೆಲ್ಲ ಕೂಡಿಸಿ ಹೇಳುವುದು. ಸಂಖ್ಯೆ ಏನೇ ಇರಲಿ, ಗ್ರಾಮೊಫೋನು ಆಟಿಕೆಯಲ್ಲ, ದೊಡ್ಡ ಗಾಯಕರೂ ಅದಕ್ಕೆ ಹಾಡಬಹುದು ಎಂಬ ನಂಬಿಕೆ ಜನರಲ್ಲಿ ಬೇರೂರಿದ್ದರಲ್ಲಿ ಇವನ ಪಾಲು ಬಹಳ ದೊಡ್ಡದು.

ಅದು ಶುರುವಾದದ್ದು 1902ರ ಏಪ್ರಿಲ್‌ನಲ್ಲಿ. ಗ್ರಾಮೊಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಮಿಲಾನ್‌ಗೆ ಹೋಗಿ ಲಾ ಸ್ಕಾಲಾ ಆಪೆರಾ ಥಿಯೇಟರಿನಲ್ಲಿ ಕರೂಸೊನನ್ನು ಕೇಳಿದರು. ಹತ್ತು ಹಾಡಿಗೆ 100 ಪೌಂಡ್ ಎಂದು ಮಾತಾಯಿತು. ಗೈಸ್‌ಬರ್ಗ್ ಮುಂದೆ ಹೇಳಿಕೊಂಡ ಪ್ರಕಾರ ಲಂಡನ್ ಆಫೀಸಿನಿಂದ ತಂತಿ ಬಂತು: ಸಂಭಾವನೆ ವಿಪರೀತ, ರೆಕಾರ್ಡ್ ಮಾಡಬೇಡಿ. ಗೈಸ್‌ಬರ್ಗ್ ಕೇಳಲಿಲ್ಲ. ಹೋಟೆಲ್ ಕೋಣೆಯೊಂದರಲ್ಲಿ ಹಾರ್ನ್ ತೂಗುಹಾಕಿ, ಪಿಯಾನೊ ಇಟ್ಟು, ಒಂದೇ ಮಧ್ಯಾಹ್ನದಲ್ಲಿ ಹತ್ತೂ ಹಾಡು ಹಿಡಿದರು. ಅದೇ ವರ್ಷ ಇದೇ ಗೈಸ್‌ಬರ್ಗ್ ಹಡಗು ಹತ್ತಿ ಕಲ್ಕತ್ತಾಗೆ ಬಂದು, ನವೆಂಬರ್‌ನಲ್ಲಿ ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್ ಅವರ ಹಾಡು ರೆಕಾರ್ಡ್ ಮಾಡಿದರು. ಆ ಗೌಹರ್ ಜಾನ್ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ಸೇರಿ, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಕರೂಸೊನ ಮೊದಲ ಪ್ಲೇಟು, ನಮ್ಮ ದೇಶದ ಮೊದಮೊದಲ ಪ್ಲೇಟು ಎರಡನ್ನೂ ಒಬ್ಬರೇ ಹಿಡಿದರು ಎನ್ನುವುದು ನನಗೆ ಇವತ್ತಿಗೂ ಬೆರಗು. ಇನ್ನೊಂದು ನಂಟೂ ಇದೆ. ಆ ಪ್ಲೇಟುಗಳನ್ನು ಗಟ್ಟಿಯಾಗಿ ಹಿಡಿದಿಡುವ ಅರಗು ಹೋಗುತ್ತಿದ್ದುದು ಬಹುಪಾಲು ನಮ್ಮ ದೇಶದ ಕಾಡುಗಳಿಂದ. ಚನ್ನಪಟ್ಟಣದ ಗೊಂಬೆಗೆ ಬಳಿಯುವ ಅರಗಿನ ಜಾತಿಯದೇ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 1903ರ ನವೆಂಬರ್ 23ರಂದು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಆಪೆರಾದಲ್ಲಿ ಮೊದಲ ಸಲ ಹಾಡಿದ. ಅಲ್ಲೇ 860ಕ್ಕೂ ಹೆಚ್ಚು ಸಲ ರಂಗ ಏರಿದ. 1904ರ ಫೆಬ್ರವರಿಯಿಂದ ವಿಕ್ಟರ್ ಕಂಪನಿಗೆ ಹಾಡತೊಡಗಿದ. ಕೊನೆಯ ರೆಕಾರ್ಡಿಂಗ್ 1920ರ ಸೆಪ್ಟೆಂಬರ್. 1921ರ ಆಗಸ್ಟ್ 2ರಂದು ನೇಪಲ್ಸ್‌ನಲ್ಲಿ ತೀರಿಕೊಂಡ, ವಯಸ್ಸು ಬರೀ 48. ಇಲ್ಲಿ ನೆನಪಿಡಬೇಕಾದ್ದು ಒಂದೇ. ಮೈಕ್ ಇಟ್ಟು ಕರೆಂಟಿನ ಸಹಾಯದಿಂದ ರೆಕಾರ್ಡ್ ಮಾಡುವ ಪದ್ಧತಿ ಮಾರುಕಟ್ಟೆಗೆ ಬಂದದ್ದು 1925ರಲ್ಲಿ. ಕರೂಸೊ ತನ್ನ ಬದುಕಿನಲ್ಲಿ ಒಮ್ಮೆಯೂ ಮೈಕಿನ ಮುಂದೆ ನಿಂತು ಪ್ಲೇಟಿಗೆ ಹಾಡಲಿಲ್ಲ.

ನಿಮ್ಮ ಕಿವಿಗೆ ಕಂಡ ತೊಂದರೆಯ ಬೇರು ಇಲ್ಲಿದೆ. ಗಾಯಕ ಒಂದು ದೊಡ್ಡ ಹಾರ್ನಿನ ಬಾಯಿಗೆ ಹಾಡುತ್ತಿದ್ದ. ಹಾರ್ನಿನ ತುದಿಯಲ್ಲಿ ತೆಳುವಾದ ಒಂದು ಬಿಲ್ಲೆ. ದನಿಗೆ ಬಿಲ್ಲೆ ನಡುಗಿದರೆ, ಅದಕ್ಕೆ ಕಟ್ಟಿದ ಮುಳ್ಳು ತಿರುಗುತ್ತಿರುವ ಮೇಣದ ತಟ್ಟೆಯ ಮೇಲೆ ಗೀರು ಕೊರೆಯುತ್ತಿತ್ತು. ದನಿಯ ಬಲವೇ ಕೊರೆಯಬೇಕು, ಬೇರೆ ಶಕ್ತಿ ಇಲ್ಲ. ಈ ಏರ್ಪಾಡಿಗೆ ಸಿಗುತ್ತಿದ್ದುದು ಹೆಚ್ಚುಕಡಿಮೆ 200 ಹರ್ಟ್ಸ್‌ನಿಂದ 2000 ಹರ್ಟ್ಸ್‌ವರೆಗಿನ (ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ) ನಾದ, ಚೆನ್ನಾಗಿದ್ದರೆ ಅದಕ್ಕಿಂತ ಸ್ವಲ್ಪ ಆಚೀಚೆ. ಕರೂಸೊನಂಥ ಟೆನರ್ (ಗಂಡಸರ ಎತ್ತರದ ದನಿಯ) ಗಾಯಕನ ಸ್ವರಗಳು ಸುಮಾರು 130ರಿಂದ 520 ಹರ್ಟ್ಸ್ ಒಳಗೆ ಬರುತ್ತವೆ. ಆದ್ದರಿಂದ ಸ್ವರ ಸಿಕ್ಕಿತು. ಆದರೆ ಪಳಗಿದ ಆಪೆರಾ ದನಿಗೆ ಹೊಳಪು ಕೊಡುವ, ಇಡೀ ವಾದ್ಯವೃಂದವನ್ನು ದಾಟಿ ಕೊನೆಯ ಸಾಲಿನ ಕುರ್ಚಿಗೂ ತಲುಪಿಸುವ ನಾದ 3000 ಹರ್ಟ್ಸ್ ಆಸುಪಾಸಿನಲ್ಲಿರುತ್ತದೆ. ಅದು ಬಹುಪಾಲು ಮೇಣಕ್ಕೆ ಇಳಿಯಲಿಲ್ಲ. 'ಸ'ಕಾರದಂಥ ಅಕ್ಷರಗಳು ಇನ್ನೂ ಮೇಲಿನವು, ಅವೂ ಹೋದವು. ಮೂಗಿನಲ್ಲಿ ಹಾಡಿದ ಹಾಗೆ ಕೇಳುವುದಕ್ಕೆ ಹಾರ್ನಿನ ಸ್ವಂತ ಮೊಳಗೂ ಕಾರಣ. ಕೆಲವು ಸ್ವರಕ್ಕೆ ಅದು ತಾನೇ ಜಾಸ್ತಿ ದನಿಗೂಡಿಸುತ್ತದೆ.

ವಾದ್ಯಗಳ ಕಥೆ ಇನ್ನೂ ಕಷ್ಟ. ಪಿಟೀಲಿನ ನಾದ ಹಾರ್ನಿಗೆ ಸಾಲುತ್ತಿರಲಿಲ್ಲ. ಅದಕ್ಕೆ ಸ್ಟ್ರೋ ಪಿಟೀಲು ಎಂದು, ಮರದ ಬುರುಡೆಯ ಬದಲು ಲೋಹದ ಕಹಳೆ ಜೋಡಿಸಿದ್ದನ್ನು ನುಡಿಸುತ್ತಿದ್ದರು. ದೊಡ್ಡ ಬಾಸ್ ಪಿಟೀಲಿನ ಜಾಗದಲ್ಲಿ ಟ್ಯೂಬಾ ಊದುತ್ತಿದ್ದರು. ಸಣ್ಣ ಕೋಣೆಯಲ್ಲಿ ಕೆಲವೇ ಜನ ಒತ್ತಿಕೊಂಡು ಕೂತು ನುಡಿಸಿದ್ದು ಅದು. ಡಬ್ಬದೊಳಗೆ ಕೂತಂತೆ ಎಂದು ನೀವು ಬರೆದದ್ದು ಸರಿಯಾಗಿಯೇ ಇದೆ.

ಹಾಗಾದರೆ ಇವನೇ ಯಾಕೆ ಗೆದ್ದ? ಆ ಕಾಲದಲ್ಲಿ ದೊಡ್ಡ ಗಾಯಕರು ಬಹಳ ಜನ ಇದ್ದರು. ಹೆಂಗಸರ ಎತ್ತರದ ದನಿಯಲ್ಲಿ ಬಣ್ಣ ತುಂಬುವ ನಾದ ಬಹುಪಾಲು 2000 ಹರ್ಟ್ಸ್ ಮೇಲಿರುವುದರಿಂದ ಅವರ ಪ್ಲೇಟುಗಳು ತೀರಾ ತೆಳ್ಳಗಾದವು. ನೆಲ್ಲಿ ಮೆಲ್ಬಾ ಅವರಂಥ ಗಾಯಕಿಗೂ ಅದು ತಪ್ಪಲಿಲ್ಲ. ಕರೂಸೊ ದನಿಯ ಮುಖ್ಯ ಬಲ ಮಧ್ಯ ಭಾಗದಲ್ಲಿತ್ತು. ಟೆನರ್ ಆದರೂ ಕೆಳಗಿನ ಬ್ಯಾರಿಟೋನ್ ದನಿಯ ತೂಕ ಅವನಲ್ಲಿತ್ತು. 1913ರಲ್ಲಿ ಫಿಲಡೆಲ್ಫಿಯಾದಲ್ಲಿ 'ಲಾ ಬೊಹೆಮ್' ನಡೆಯುವಾಗ ಬಾಸ್ (ತೀರಾ ಕೆಳಗಿನ ದನಿಯ) ಗಾಯಕನ ಗಂಟಲು ಕೈಕೊಟ್ಟಿತು. ಅವನ ಹಾಡನ್ನು ಕರೂಸೊನೇ ರಂಗದ ಮೇಲೆ ಹಾಡಿಬಿಟ್ಟ. 1916ರಲ್ಲಿ ಅದನ್ನು ರೆಕಾರ್ಡ್ ಕೂಡ ಮಾಡಿದ. ಅವನು ಬದುಕಿರುವಾಗ ಅದು ಮಾರಾಟಕ್ಕೆ ಬರಲಿಲ್ಲ. ಈಗ ಕೇಳಲು ಸಿಗುತ್ತದೆ, ಕೇಳಿ ನೋಡಿ. ಇನ್ನೊಂದು ಕಡೆ, ತಾರದ ಎತ್ತರದ 'ಸಿ' ಸ್ವರ ಅವನಿಗೆ ಸುಲಭವಾಗಿರಲಿಲ್ಲ. ಅದೇ 'ಲಾ ಬೊಹೆಮ್'ನ 'ಕೆ ಜೆಲಿದಾ ಮನೀನಾ' ಹಾಡನ್ನು ಅರ್ಧ ಮನೆ ಇಳಿಸಿ ಹಾಡಿದ್ದುಂಟು. ಇದನ್ನು ಅವನ ಕೊರತೆ ಎಂದು ಮುಚ್ಚಿಡುವ ಅಭಿಮಾನಿಗಳಿದ್ದಾರೆ. ಮುಚ್ಚಿಡುವಂಥದ್ದು ಏನೂ ಇಲ್ಲ. ಮಧ್ಯದ ಆ ತೂಕವೇ ಹಾರ್ನಿಗೆ ಹೇಳಿ ಮಾಡಿಸಿದ್ದು.

ಇನ್ನು ವೇಗ. ತಪ್ಪು ಆಗುವುದು ಹೆಚ್ಚಾಗಿ ಇಲ್ಲೇ. ಇವನ್ನು 78ರ ಪ್ಲೇಟು ಎನ್ನುತ್ತೇವೆ, ಆದರೆ ಆ ದಿನಗಳಲ್ಲಿ ಎಲ್ಲರೂ ನಿಮಿಷಕ್ಕೆ 78 ಸುತ್ತಿನಲ್ಲೇ ರೆಕಾರ್ಡ್ ಮಾಡುತ್ತಿರಲಿಲ್ಲ. ಕರೂಸೊನ ಎಷ್ಟೋ ಪ್ಲೇಟು 76ರ ಸುಮಾರಿಗೆ ಸರಿಹೋಗುತ್ತವೆ. ಎರಡು ಸುತ್ತಿನಲ್ಲಿ ಏನಾಗುತ್ತೆ ಅನ್ನಿಸಬಹುದು. ವೇಗ ನೂರಕ್ಕೆ ಆರರಷ್ಟು ಏರಿದರೆ ಶ್ರುತಿ ಅರ್ಧ ಮನೆ ಏರುತ್ತದೆ. ಶ್ರುತಿಯೊಂದೇ ಅಲ್ಲ, ದನಿಯ ನಡುಕ ಚುರುಕಾಗುತ್ತದೆ, ಸ್ವರಾಕ್ಷರದ ಬಣ್ಣ ಬದಲಾಗುತ್ತದೆ, ನಲವತ್ತರ ಗಂಡಸು ಇಪ್ಪತ್ತರ ಹುಡುಗನಂತೆ ಕೇಳುತ್ತಾನೆ. ನಿಮ್ಮ ಗ್ರಾಮೊಫೋನಿನಲ್ಲಿ ಎಫ್, ಎಸ್ (ಫಾಸ್ಟ್, ಸ್ಲೋ) ಎಂದು ಬರೆದ ಒಂದು ಕಡ್ಡಿ ಅಥವಾ ತಿರುಪು ಇರುತ್ತದೆ. ವೇಗ ಹೊಂದಿಸುವುದು ಅದರಿಂದಲೇ. ಪ್ಲೇಟಿನ ಕೆಳಗೆ ಒಂದು ಚೀಟಿ ಹೊರಗೆ ಕಾಣುವಂತೆ ಇಟ್ಟು, ಗಡಿಯಾರ ನೋಡುತ್ತ ಒಂದು ನಿಮಿಷಕ್ಕೆ ಎಷ್ಟು ಸುತ್ತು ಎಂದು ಎಣಿಸಿ. ಹಾಡು ಹಾಕಿಕೊಂಡೇ ಎಣಿಸಬೇಕು, ಮುಳ್ಳಿನ ಭಾರಕ್ಕೆ ವೇಗ ಇಳಿಯುತ್ತದೆ.

ಪರೀಕ್ಷೆಗೆ ಕರೂಸೊ ಹಾಡಿದ 'ಊನಾ ಫುರ್ತೀವಾ ಲಾಗ್ರಿಮಾ' ಒಳ್ಳೆಯ ಹಾಡು. ನಿಮ್ಮ ಹತ್ತಿರ ಅದು ಇಲ್ಲದಿದ್ದರೂ ಯಾರಿಂದಾದರೂ ಸಿಗುವುದು ಕಷ್ಟವಲ್ಲ. ಅದರ ಮೂಲ ಶ್ರುತಿ ಬಿ ಫ್ಲ್ಯಾಟ್. ನಮ್ಮ ಲೆಕ್ಕದಲ್ಲಿ ಆರೂವರೆ ಮನೆ, ಉತ್ತರ ಕರ್ನಾಟಕದವರ ಹಾರ್ಮೋನಿಯಂ ಮಾತಿನಲ್ಲಿ ಕಪ್ಪು ಐದು. ಶ್ರುತಿಪೆಟ್ಟಿಗೆಯನ್ನೋ ಫೋನಿನ ತಂಬೂರಿಯನ್ನೋ ಅಲ್ಲಿಗೆ ಇಟ್ಟು, ಹಾಡಿನ ಷಡ್ಜ ಅದಕ್ಕೆ ಸೇರುವವರೆಗೆ ವೇಗ ಹೊಂದಿಸಿ. ಸೇರಿದ ಕ್ಷಣ ದನಿಗೆ ಮೈ ಬಂದದ್ದು ನಿಮಗೇ ಗೊತ್ತಾಗುತ್ತದೆ. ಆಗಿನ ಕಾಲದ ಶ್ರುತಿ ಇವತ್ತಿನದಕ್ಕಿಂತ ಒಂದಿಷ್ಟು ಹೆಚ್ಚುಕಡಿಮೆ ಇರುತ್ತಿತ್ತು, ಅದಕ್ಕೆ ಕೂದಲು ಸೀಳಲು ಹೋಗಬೇಡಿ. ಮತ್ತೆ, ಇಳಿಸಿ ಹಾಡಿದ ಹಾಡುಗಳಿಗೆ ಈ ಉಪಾಯ ನಡೆಯುವುದಿಲ್ಲ.

ಪ್ಲೇಟನ್ನು ಸವೆಸದೆ ಅವನ ದನಿ ಬೆಳೆದ ದಾರಿ ಕೇಳಬೇಕಾದರೆ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನವರ ನ್ಯಾಷನಲ್ ಜ್ಯೂಕ್‌ಬಾಕ್ಸ್‌ನಲ್ಲಿ ವಿಕ್ಟರ್ ಪ್ಲೇಟುಗಳು ಉಚಿತವಾಗಿ ಸಿಗುತ್ತವೆ. 1904ರದ್ದನ್ನು ಮೊದಲು ಕೇಳಿ. ಹಗುರ, ಮೃದು, ಉಸಿರಿಗೆ ಅವಸರವಿಲ್ಲ. ಆಮೇಲೆ 1907ರ 'ವೆಸ್ತಿ ಲಾ ಜೂಬ್ಬಾ'. 1909ರಲ್ಲಿ ಅವನ ಗಂಟಲಿನಲ್ಲಿ ಬೆಳೆದ ಗಂಟನ್ನು ಮಿಲಾನ್‌ನಲ್ಲಿ ಕೊಯ್ದು ತೆಗೆದರು. ಅಲ್ಲಿಂದಾಚೆ ದನಿ ಕಪ್ಪಾಗುತ್ತ, ದಪ್ಪವಾಗುತ್ತ ಹೋಗುತ್ತದೆ. ಎಲ್ಲವೂ ಆಪರೇಷನ್ನಿಂದಲೇ ಎನ್ನುವುದನ್ನು ನಾನು ಒಪ್ಪುವುದಿಲ್ಲ. ವಯಸ್ಸು, ಆರಿಸಿಕೊಂಡ ಭಾರಿ ಪಾತ್ರಗಳು, ಎರಡೂ ಸೇರಿವೆ. 1920ರ ಸೆಪ್ಟೆಂಬರ್‌ನಲ್ಲಿ ಹಾಡಿದ, 'ಲಾ ಜುಯಿವ್' ಆಪೆರಾದ ಮುದಿ ತಂದೆ ಎಲೆಯಾಜಾರನ ಹಾಡನ್ನು ಕೊನೆಗೆ ಕೇಳಿ. ಅದಾಗಿ ಮೂರು ತಿಂಗಳಿಗೆ ಬ್ರೂಕ್ಲಿನ್‌ನಲ್ಲಿ ಹಾಡುವಾಗ ಬಾಯಿಂದ ರಕ್ತ ಬಂತು. ಡಿಸೆಂಬರ್ 24ರಂದು ಮೆಟ್ರೊಪಾಲಿಟನ್‌ನಲ್ಲಿ ಅದೇ ಎಲೆಯಾಜಾರನ ಪಾತ್ರ ಮಾಡಿದ, ಅದೇ ಕೊನೆ. ಇದನ್ನೆಲ್ಲ ತಿಳಿದು ಆ ಪ್ಲೇಟು ಕೇಳಿದಾಗ ಇಂದಿಗೂ ನನ್ನ ಗಂಟಲು ಕಟ್ಟುತ್ತದೆ.

ನಿಮ್ಮ ಡಿಬಿ ಪ್ಲೇಟಿನ ಬಗ್ಗೆ ಒಂದು ಮಾತು. 1932ರಿಂದ ಕಂಪನಿಯವರು ಕರೂಸೊನ ಹಳೆ ರೆಕಾರ್ಡಿಂಗ್ ಮೇಲೆ ಹೊಸ ವಾದ್ಯವೃಂದವನ್ನು ಸೇರಿಸಿ ಮತ್ತೆ ಮಾರಿದರು. ವಾದ್ಯ ತುಂಬಿಕೊಂಡು ಹತ್ತಿರದಲ್ಲಿ, ದನಿ ಮಾತ್ರ ದೂರದಲ್ಲಿ ಕೇಳಿದರೆ ನಿಮ್ಮದು ಅಂಥದ್ದು. ತೀರಿಕೊಂಡ ಗಾಯಕನಿಗೆ ಜೀವಂತ ವಾದ್ಯದವರು ಜೊತೆ ಕೊಟ್ಟದ್ದು ಅದು. ಕುತೂಹಲಕ್ಕೆ ಚೆನ್ನ, ದನಿ ತಿಳಿಯಲು ಒಂದೇ ಪಕ್ಕದವೇ ಮೇಲು.

ಮಗನ ಎಐ ಯೋಚನೆಯೂ ಇದೇ ದಾರಿಯ ಮುಂದಿನ ಹೆಜ್ಜೆ. ಹಿಂದೆಯೂ ಗಟ್ಟಿ ಪ್ರಯತ್ನಗಳಾಗಿವೆ. 1976ರಲ್ಲಿ ಥಾಮಸ್ ಸ್ಟಾಕ್‌ಹ್ಯಾಮ್ ಅವರು ಕಂಪ್ಯೂಟರಿನಿಂದ ಹಾರ್ನಿನ ಮೊಳಗನ್ನು ಲೆಕ್ಕ ಹಾಕಿ ತೆಗೆದರು. ಅದು ಇದ್ದದ್ದರಲ್ಲಿ ಸೇರಿಕೊಂಡ ಬಣ್ಣವನ್ನು ಕಳೆಯುವ ಕೆಲಸ. ಈಗಿನ ಸಾಫ್ಟ್‌ವೇರ್‌ಗಳಲ್ಲಿ ಕೆಲವು, ಮೇಣಕ್ಕೆ ಇಳಿಯದೇ ಹೋದ ಮೇಲಿನ ನಾದವನ್ನು ಊಹಿಸಿ ಹುಟ್ಟಿಸುತ್ತವೆ. ಕೇಳಲು ಥಳಥಳ ಅನ್ನುತ್ತದೆ, ಆದರೆ ಆ ಹೊಳಪು ಕರೂಸೊನದಲ್ಲ. ಚಟಪಟ ಸದ್ದು ತೆಗೆಯುವುದು ತಪ್ಪಲ್ಲ. ಸರ್ ಎನ್ನುವ ಸದ್ದನ್ನು ಪೂರ್ತಿ ಒರೆಸಿದರೆ ಮಾತ್ರ ಜೊತೆಗೆ ದನಿಯ ಅಂಚೂ ಹೋಗುತ್ತದೆ. ಮಗ ಏನು ಬೇಕಾದರೂ ಪ್ರಯೋಗ ಮಾಡಲಿ, ಒಂದೇ ಷರತ್ತು: ಏನೂ ತಿದ್ದದ ಮೂಲ ಪ್ರತಿ ಬೇರೆಯಾಗಿ ಉಳಿದಿರಬೇಕು.

ಆ ಪ್ರತಿ ಮಾಡಿಸುವುದಾದರೆ, ಆಮೇಲೆ ಬಂದ ಎಲ್‌ಪಿ ಪ್ಲೇಟುಗಳ ಸಣ್ಣ ಮುಳ್ಳಿನ ಸೂಟ್‌ಕೇಸ್ ಪ್ಲೇಯರಿನಲ್ಲಿ ಹಾಕಬೇಡಿ. 78ರ ಗೀರು ಅಗಲ, ಎಲ್‌ಪಿ ಮುಳ್ಳು ಅದರ ತಳದಲ್ಲಿ ಉರುಳಾಡಿ ಬರೀ ಸದ್ದು ಎತ್ತುತ್ತದೆ. 78ಕ್ಕೆಂದೇ ಇರುವ ದಪ್ಪ ಮುಳ್ಳು, ವೇಗ ಬದಲಿಸುವ ಸೌಲಭ್ಯ ಇರುವವರ ಬಳಿ ಹೋಗಿ. 24 ಬಿಟ್, 96 ಕಿಲೊಹರ್ಟ್ಸ್ ವೇವ್ ಫೈಲ್, ಯಾವ ಫಿಲ್ಟರೂ ಇಲ್ಲದೆ ಎಂದು ಕೇಳಿ ಪಡೆಯಿರಿ. ಎಂಪಿ3 ಮಾತ್ರ ಕೊಡುತ್ತೇವೆ ಎಂದರೆ ಬೇರೆಯವರನ್ನು ನೋಡಿ. ಹಕ್ಕಿನ ಚಿಂತೆ ಬೇಡ. ನಮ್ಮ ದೇಶದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ 60 ವರ್ಷಕ್ಕೆ ಮುಗಿಯುತ್ತದೆ.

ಕೀಲಿ ಗ್ರಾಮೊಫೋನಿನಲ್ಲಿ ಹಬ್ಬಕ್ಕೋ ನೆಂಟರು ಬಂದಾಗಲೋ ಹಾಕುವುದಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಪ್ರತಿ ಪಕ್ಕಕ್ಕೂ ಹೊಸ ಉಕ್ಕಿನ ಮುಳ್ಳು ಬೇಕು. ಅರಗಿನ ಜೊತೆ ಕಲ್ಲಿನ ಪುಡಿ ಸೇರಿಸಿರುವುದರಿಂದ ಒಂದು ಹಾಡಿಗೇ ಮುಳ್ಳು ಸವೆಯುತ್ತದೆ. ಸವೆದ ಮುಳ್ಳು ಎರಡನೆಯ ಹಾಡಿಗೆ ಉಳಿಯಂತೆ ಕೆಲಸ ಮಾಡುತ್ತದೆ. ತೊಳೆಯುವಾಗ ಸ್ಪಿರಿಟ್, ಸ್ಯಾನಿಟೈಸರ್ ಮುಟ್ಟಿಸಲೇಬೇಡಿ, ಅರಗು ಕರಗುತ್ತದೆ. ಡಿಸ್ಟಿಲ್ಡ್ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆ ಬಟ್ಟೆ, ಲೇಬಲ್ ಒದ್ದೆಯಾಗಬಾರದು. ಒಂದರ ಮೇಲೊಂದು ಪೇರಿಸದೆ ನಿಲ್ಲಿಸಿಡಿ, ಬಿಸಿಲಿನಿಂದ ದೂರ. ಬಿರುಕು ಬಿಟ್ಟದ್ದನ್ನು ಮಾತ್ರ ಗ್ರಾಮೊಫೋನಿಗೆ ಹಾಕಲೇಬಾರದು. ಆ ಭಾರಕ್ಕೆ ಅದು ಒಂದು ದಿನ ಎರಡಾಗುತ್ತದೆ. ಡಿಜಿಟಲ್‌ಗೆ ಇಳಿಸುವವರ ಹಗುರ ಮುಳ್ಳಿನಲ್ಲಿ ಒಮ್ಮೆ ಓಡಿಸಿ ಎತ್ತಿಟ್ಟುಬಿಡಿ.

ಯಾವುದಾದರೂ ಸಂಗ್ರಹಕ್ಕೆ ಕೊಡುವ ಮನಸ್ಸಿದ್ದರೆ ಅದೂ ಒಳ್ಳೆಯದೇ. ಸಾರ್ವಜನಿಕರು ಕೇಳಲು ಅವಕಾಶ ಇದೆಯೇ, ನಿಮಗೊಂದು ಡಿಜಿಟಲ್ ಪ್ರತಿ ಕೊಡುತ್ತಾರೆಯೇ ಎಂದು ಬರವಣಿಗೆಯಲ್ಲಿ ಪಡೆದುಕೊಂಡೇ ಕೊಡಿ. ಸುಮ್ನೆ ಕೊಟ್ಟು ಬಂದರೆ ಕಪಾಟಿನಲ್ಲೇ ಉಳಿಯುವ ಅಪಾಯ ಇದೆ.

ಕೊನೆಯದಾಗಿ, ಪೆಟ್ಟಿಗೆಯಲ್ಲಿ ಈ ನಾಲ್ಕು ಬಿಟ್ಟು ಬೇರೆ ಪ್ಲೇಟುಗಳೂ ಇರಬೇಕಲ್ವಾ? ಅವುಗಳ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. ಕರೂಸೊ ಪ್ಲೇಟು ನಿಮ್ಮದು ಒಡೆದರೆ ಇನ್ನೊಂದು ಸಿಗುತ್ತದೆ. ಅದೇ ಕಾಲದ ಒಂದು ಕನ್ನಡ ನಾಟಕದ ಹಾಡು, ದಕ್ಷಿಣದ ಒಬ್ಬ ಗಾಯಕಿಯ ಜಾವಳಿ ನಿಮ್ಮಜ್ಜ ಆಮೇಲೆ ಕೊಂಡು ಅದರಲ್ಲಿ ಸೇರಿಸಿದ್ದರೆ, ಅದರ ಇನ್ನೊಂದು ಪ್ರತಿ ಎಲ್ಲೂ ಉಳಿಯದಿರುವ ಸಾಧ್ಯತೆ ನಿಜಕ್ಕೂ ಇದೆ. ಕನ್ನಡ, ತೆಲುಗು, ತಮಿಳು ಅಕ್ಷರದ ಲೇಬಲ್ ಯಾವುದೇ ಇದ್ದರೂ ಹಾಡಿಸಲು ಹೋಗಬೇಡಿ. ಲೇಬಲ್ಲಿನ ಫೋಟೊ ತೆಗೆಯಿರಿ. ಲೇಬಲ್ ಮತ್ತು ಗೀರುಗಳ ನಡುವಿನ ನುಣುಪು ಜಾಗದಲ್ಲಿ ಕೊರೆದಿರುವ ಸಣ್ಣ ನಂಬರನ್ನು ಟಾರ್ಚ್ ಓರೆ ಹಿಡಿದು ಓದಿ ಬರೆದುಕೊಳ್ಳಿ. ರೆಕಾರ್ಡ್ ಆದ ವರ್ಷ ಪತ್ತೆ ಹಚ್ಚುವುದು ಆ ನಂಬರಿನಿಂದಲೇ. ಆ ಪಟ್ಟಿ ಕಳಿಸಿ, ಯಾವುದನ್ನು ಮೊದಲು ಇಳಿಸಬೇಕು ಎಂದು ಹೇಳುತ್ತೇನೆ.